ಅಪ್‌ಡೇಟ್: ಮತ್ತೆ ಉಳಿ ಹಿಡಿದೆ

ದೀರ್ಘ ಕಾಯಿಲೆಯ ನಂತರ ಮರಗೆಲಸಕ್ಕೆ ಮರಳುವುದು ಹೇಗೆ ಎಂದು ಕೇಳಿದ್ದೆ. ‘ಮೊದಲು ಹತಾರಗಳನ್ನು ಮಸೆಯಿರಿ, ಉಳಿದದ್ದು ಆಮೇಲೆ’ ಎಂದ ನಿಮ್ಮ ಸಲಹೆಯೇ ನನ್ನನ್ನು ಕಾಪಾಡಿತು. ತುಕ್ಕು ಹಿಡಿದಿದ್ದ ಉಳಿಗಳನ್ನು ದಿನಕ್ಕೊಂದರಂತೆ, ಕುಳಿತಲ್ಲೇ, 25 ಡಿಗ್ರಿ ಕೋನದಲ್ಲಿ ಸಾಣೆಕಲ್ಲಿಗೆ ಹಿಡಿದೆ. ಮೊಂಡು ಉಳಿಯನ್ನು ಒತ್ತಿ ನೂಕುವ ಬಲ ಈಗ ನನ್ನ ಮಣಿಕಟ್ಟಿನಲ್ಲಿಲ್ಲ. ಜಾರಿದರೆ ಕೈಗೇ ಗಾಯ. ಹರಿತವಾದದ್ದಾದರೆ ಸ್ವಲ್ಪ ಒತ್ತಿದರೂ ಮರದೊಳಗೆ ಇಳಿಯುತ್ತದೆ. ಆ ಸದ್ದು ಕೇಳಿ ಎಷ್ಟು ಕಾಲವಾಗಿತ್ತು!

ಕೆಲಸಕ್ಕೆ ಕುಳಿತಾಗ 20 ನಿಮಿಷಕ್ಕೆ ಅಲಾರಂ ಇಡುತ್ತೇನೆ, ಅದು ಹೊಡೆದೊಡನೆ ಕೆಲಸ ಬಿಟ್ಟು ಏಳುತ್ತೇನೆ. ಒಮ್ಮೆ ಮೀರಿದ್ದಕ್ಕೆ ಎರಡು ದಿನ ಮಲಗಬೇಕಾಯಿತು. ನುಣ್ಣನೆಯ ಧೂಳಿಗೆ ಮಾಸ್ಕ್ ತಪ್ಪಿಸುವುದಿಲ್ಲ. ಕೈ ನಡುಕ ನಿಲ್ಲುವವರೆಗೆ ಯಂತ್ರದ ಗರಗಸವನ್ನು ಮುಟ್ಟುವುದಿಲ್ಲ.

ನಿನ್ನೆ ಪುಟ್ಟ ಪೆಟ್ಟಿಗೆಯೊಂದರ ಮೊದಲ ಮೂಲೆ ಕೂಡಿತು. ಸಂದು ಕೊಂಚ ಬಿಟ್ಟಿದೆ. ತಿದ್ದದೆ ಹಾಗೆಯೇ ಇಟ್ಟುಕೊಳ್ಳುತ್ತೇನೆ.