ಲ್ಯಾಪ್‌ಟಾಪ್ ಆನ್ ಆಗಲು ಏಳು ನಿಮಿಷ, ಆಫ್ ಆಗಲು ನಾಲ್ಕು. ನೀವೇನು ಮಾಡಿದಿರಿ?

ಸುಂಟಿಕೊಪ್ಪದಿಂದ: ತೋಟದ ಲೆಕ್ಕಕ್ಕೂ ಮಗಳ ಓದಿಗೂ ಇರೋದು ಒಂದೇ ಲ್ಯಾಪ್‌ಟಾಪ್. 2016ರದ್ದು. ವಿಂಡೋಸ್ 10, 4 ಜಿಬಿ ರ್‍ಯಾಮ್, ಹಳೇ ಹಾರ್ಡ್‌ಡಿಸ್ಕ್. ಆನ್ ಮಾಡಿ, ಕಾಫಿ ಕಾಸಿ ಕುಡಿದು ಬಂದರೂ ಚುಕ್ಕಿಗಳು ಸುತ್ತುತ್ತಲೇ ಇರುತ್ತವೆ. ಬ್ಯಾಟರಿ ಸತ್ತಿದೆ. ಮಳೆಗಾಲದಲ್ಲಿ ಆಫ್ ಆಗುವ ಮೊದಲೇ ಕರೆಂಟ್ ಹೋಗುತ್ತದೆ. ಹೊಸದು ಈ ವರ್ಷ ಆಗಲ್ಲ. ನೀವೇನು ಮಾಡಿದಿರಿ, ಎಷ್ಟು ಖರ್ಚಾಯ್ತು?

ವಿರಾಜಪೇಟೆ: ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕ್) ಹಾಕಿಸಿ, ಬೇರೆ ಮಾತೇ ಬೇಡ. ನನ್ನದು ನಿಮಿಷಕ್ಕೆ 5400 ಸುತ್ತು ತಿರುಗುವ ನಿಧಾನದ ಡಿಸ್ಕ್ ಆಗಿತ್ತು. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕ್ ಶೇಕಡಾ 100ಕ್ಕೆ ಅಂಟಿಕೊಂಡಿರುತ್ತಿತ್ತು. 240 ಜಿಬಿಗೆ 1,750 ರೂಪಾಯಿ, ಕೂರಿಸುವ ಕೂಲಿ 500. ಹತ್ತಿರದ ಅಂಗಡಿಯವರು ಮೂರು ವಾರ ಇಟ್ಟುಕೊಂಡು ವಾಪಸ್ ಕೊಟ್ಟರು. ಸ್ಕ್ರೂ ಕೂಡ ಬಿಚ್ಚಿರಲಿಲ್ಲ! ಮೈಸೂರಿಗೆ ಎರಡು ಸಲ ಬಸ್ಸಲ್ಲಿ ಓಡಾಡಿದೆ. ಊಟ, ಬಸ್ಸು ಎಲ್ಲ ಸೇರಿ 3,400 ಆಯ್ತು. ಈಗ 18 ಸೆಕೆಂಡಿಗೆ ಆನ್. ನಾನೇ ಮೊಬೈಲ್ ಹಿಡಿದು ನೋಡಿದ್ದೇನೆ.

ಮಡಿಕೇರಿ: ಎಲ್ಲದಕ್ಕೂ ದುಡ್ಡು ಸುರಿಯಿರಿ ಅನ್ನಬೇಡಿ. ಒಂದು ಪೈಸೆ ಖರ್ಚಿಲ್ಲದೆ ಆರು ನಿಮಿಷವನ್ನು ಎರಡೂವರೆಗೆ ಇಳಿಸಿದ್ದೇನೆ. ಆನ್ ಆದೊಡನೆ ತಾವಾಗಿಯೇ ತೆರೆಯುವ ಪ್ರೋಗ್ರಾಮುಗಳ ಸ್ಟಾರ್ಟಪ್ ಪಟ್ಟಿಯಲ್ಲಿ 14 ಇದ್ದವು. ಪ್ರಿಂಟರಿನದೇ ಮೂರು, ಆ ಪ್ರಿಂಟರ್ ಮಾರಿ ಯಾವ ಕಾಲವಾಯ್ತೋ. ಆಂಟಿವೈರಸ್ ಎರಡೆರಡು. ಬೇಡದ್ದನ್ನೆಲ್ಲ ನಿಲ್ಲಿಸಿ ಫಾಸ್ಟ್ ಸ್ಟಾರ್ಟಪ್ ಆನ್ ಮಾಡಿದೆ. ಎಂಎಸ್‌ಕಾನ್ಫಿಗ್ ಅನ್ನೋ ವಿಂಡೋಸ್ ಸೆಟ್ಟಿಂಗ್‌ನಲ್ಲಿ ಪ್ರೊಸೆಸರ್ ಸಂಖ್ಯೆ ಹೆಚ್ಚಿಸಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಿಂಡೋಸ್ ಹೇಗೂ ಪ್ರೊಸೆಸರಿನ ಎಲ್ಲ ಕೋರ್ ಬಳಸುತ್ತದೆ, ಅದು ಮಿತಿ ಹಾಕಲಿಕ್ಕೆ ಇರೋದು.

ಸೋಮವಾರಪೇಟೆ: ಆಫ್ ಆಗೋದರ ಬಗ್ಗೆ ನಾನು ಹೇಳ್ತೇನೆ. ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರೋ ರಿಜಿಸ್ಟ್ರಿಯಲ್ಲಿ ಆಟೋಎಂಡ್‌ಟಾಸ್ಕ್ಸ್ 1 ಮಾಡಿದ್ದೆ. ತೆರೆದದ್ದನ್ನೆಲ್ಲ ಕೇಳದೆ ಮುಚ್ಚಿ ಬೇಗ ಆಫ್ ಆಗುತ್ತಿತ್ತು, ಖುಷಿಯಾಗಿದ್ದೆ. ಜನವರಿ, ಕಾಫಿ ಕುಯ್ಲು. ಶನಿವಾರ ರಾತ್ರಿ 31 ಆಳುಗಳ ಪಟ್ಟಿ ಹಾಕಿದೆ, ಯಾರು ಎಷ್ಟು ಕೆಜಿ ಹಣ್ಣು, ಎಷ್ಟು ಮುಂಗಡ ಅಂತ. ಸೇವ್ ಮಾಡದೆ ಶಟ್‌ಡೌನ್ ಒತ್ತಿದೆ. ಎಲ್ಲ ಹೋಯ್ತು. ಬೆಳಿಗ್ಗೆ ಅಂಗಳದಲ್ಲಿ ಒಬ್ಬೊಬ್ಬರನ್ನೇ ಕೇಳಿ ಮತ್ತೆ ಬರೆದೆ. 40 ಕೆಜಿ ಕಡಿಮೆ ಬರೆದಿರಿ ಅಂತ ಒಬ್ಬಾಕೆಗೆ ಇವತ್ತಿಗೂ ನನ್ನ ಮೇಲೆ ಮುನಿಸು. ಆ ನಾಲ್ಕು ನಿಮಿಷ ಕಾಯಿರಿ, ಏನೂ ಆಗಲ್ಲ.

ವಿರಾಜಪೇಟೆ: ಮಡಿಕೇರಿಯವರೇ, ಫಾಸ್ಟ್ ಸ್ಟಾರ್ಟಪ್ ಇದ್ದರೆ ಅದು ಪೂರ್ತಿ ಶಟ್‌ಡೌನೇ ಅಲ್ಲ. ವಿಂಡೋಸ್‌ನ ತಿರುಳನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ. ದಿನಾ ಆಫ್ ಮಾಡಿದರೂ ನನ್ನದರಲ್ಲಿ ಅಪ್‌ಟೈಮ್ (ಪೂರ್ತಿ ಆಫ್ ಆಗದೆ ಕಳೆದ ಸಮಯ) 23 ದಿನ ತೋರಿಸುತ್ತಿತ್ತು. ವೈಫೈ ಡ್ರೈವರ್ ಒಮ್ಮೆ ಕೆಟ್ಟರೆ ಮರುದಿನವೂ ಕೆಟ್ಟೇ ಇರುತ್ತಿತ್ತು. ಗೊತ್ತಿಲ್ಲದೆ ಸಲಹೆ ಕೊಡಬೇಡಿ.

ಮಡಿಕೇರಿ: ಗೊತ್ತಿದ್ದೇ ಹೇಳಿದ್ದು. ವಾರಕ್ಕೊಮ್ಮೆ ರೀಸ್ಟಾರ್ಟ್ ಮಾಡಿದರೆ ಪೂರ್ತಿ ಮುಚ್ಚಿ ತೆರೆಯುತ್ತದೆ. ಎಸ್‌ಎಸ್‌ಡಿ ಇರೋ ನಿಮಗೆ ಅದು ಬೇಡ, ಸರಿ. ಹಾರ್ಡ್‌ಡಿಸ್ಕ್ ಇರೋರಿಗೆ ಅದೇ ಆಸರೆ. 3,400 ಎಲ್ಲರ ಕೈಲೂ ಇರುತ್ತಾ?

ಗೋಣಿಕೊಪ್ಪ: ಇಬ್ಬರೂ ಸತ್ತ ಎತ್ತಿಗೆ ಹುಲ್ಲು ಹಾಕ್ತಿದ್ದೀರಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2016ರ ಪ್ರೊಸೆಸರ್ ವಿಂಡೋಸ್ 11 ಒಪ್ಪುವ ಪಟ್ಟಿಯಲ್ಲಿಲ್ಲ. ನಾನು ವಿಂಡೋಸ್ ಬದಲಿಗೆ ಬಿಟ್ಟಿ ಸಿಗುವ ಲಿನಕ್ಸ್ ಮಿಂಟ್ ಹಾಕಿದೆ, ಖರ್ಚು ಪೆನ್‌ಡ್ರೈವಿನದು ಮಾತ್ರ. ಆನ್ ಆಗುವಾಗ ಹಿನ್ನೆಲೆಯಲ್ಲಿ ಓಡುವ ಯಾವ ಸೇವೆ ಎಷ್ಟು ಸೆಕೆಂಡು ತಿಂತು ಅಂತ ಒಂದೇ ಸಾಲಿನ ಆಜ್ಞೆ ಹೇಳುತ್ತದೆ. ಆಫ್ ಮಾಡುವಾಗ ಒಂದು ಸೇವೆ ನಿಲ್ಲದೆ ದಿನಾ 90 ಸೆಕೆಂಡು ಕಾಯಿಸುತ್ತಿತ್ತು. ಅದು ಯಾವುದು ಅಂತ ಹುಡುಕಲು ಎರಡು ರಾತ್ರಿ ಹಿಡಿಯಿತು.

ಸೋಮವಾರಪೇಟೆ: ನುಡಿ ತಂತ್ರಾಂಶದಲ್ಲಿ ಬರೆದ ನನ್ನ ಕನ್ನಡ ಕಡತಗಳನ್ನು ಅದರಲ್ಲಿ ತೆರೆದು ತೋರಿಸಿ ನೋಡೋಣ. ಬರೀ ಇಂಗ್ಲಿಷ್ ಅಕ್ಷರ ಬರುತ್ತದೆ.

ಗೋಣಿಕೊಪ್ಪ: ಅದು ಇಂಗ್ಲಿಷ್ ಅಕ್ಷರದ ಸಂಕೇತದಲ್ಲೇ ಕನ್ನಡ ತೋರಿಸೋ ಹಳೇ ಆಸ್ಕಿ ಫಾಂಟಿನ ತಪ್ಪು, ಲಿನಕ್ಸಿನದಲ್ಲ. ಎಲ್ಲ ಕಡೆ ಓದಲಾಗೋ ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು ಅಂತ ಎಷ್ಟು ವರ್ಷದಿಂದ ಬಡಕೊಳ್ತಿದ್ದೇವೆ!

ಸೋಮವಾರಪೇಟೆ: ಹನ್ನೊಂದು ವರ್ಷದ ಪತ್ರಗಳಿವೆ. ನೀವು ಬಂದು ಬದಲಿಸಿ ಕೊಡ್ತೀರಾ?

ಸುಂಟಿಕೊಪ್ಪದಿಂದ: ನುಡಿಯ ಜಗಳ ಆಮೇಲೆ ಆಡಿ, ದಯವಿಟ್ಟು. ಎಸ್‌ಎಸ್‌ಡಿ ಹಾಕಿದರೆ ಹಳೇ ಡಿಸ್ಕಿನಲ್ಲಿರೋ ಲೆಕ್ಕ ಹಾಗೇ ಬರುತ್ತಾ?