ಸಹಾಯ ಬೇಕು: ಮುಂಬೈ ಮುಲುಂಡ್‌ನ ಸಣ್ಣ ಹಾಲ್‌ಗೆ ಯಾವ ಸ್ಪೀಕರ್?

ನಮಸ್ಕಾರ. ನಮ್ಮ ಹಾಲ್ 10 ಅಡಿಗೆ 14 ಅಡಿ, ಅದರಲ್ಲೇ ಸೋಫಾ, ದೇವರ ಗೂಡು, ಅಮ್ಮನ ಹೊಲಿಗೆ ಮಷಿನ್. ಸ್ಪೀಕರ್‌ಗೇ ಅಂತ ಒಂದೂವರೆ ಲಕ್ಷ ಕೂಡಿಟ್ಟಿದ್ದೀನಿ. ಆಂಪ್ಲಿಫೈಯರ್ ಹಳೇದೇ, 8 ಓಮ್‌ಗೆ 40 ವಾಟ್.

ಹೋದ ಶನಿವಾರ ಲ್ಯಾಮಿಂಗ್ಟನ್ ರೋಡ್ ಕಡೆ ಒಂದು ಅಂಗಡಿಗೆ ಹೋಗಿದ್ದೆ. ಮೊದಲು ಕೆಇಎಫ್ ಕಂಪನಿಯ ಎಲ್‌ಎಸ್50 ಮೆಟಾ ಸ್ಪೀಕರ್ ಹಾಕಿದ್ರು. ಆಮೇಲೆ ಹುಡುಗ ವಾಲ್ಯೂಮ್ ಮುಟ್ಟದೇ ಇನ್ನೊಂದು ಜೋಡಿಗೆ ಬದಲಾಯಿಸಿದ. ಅದರ ಸೆನ್ಸಿಟಿವಿಟಿ (ಅಷ್ಟೇ ವಾಟ್‌ಗೆ ಎಷ್ಟು ಜೋರು ಅನ್ನೋ ಅಳತೆ) ಜಾಸ್ತಿ, ಜೋರಾಗಿ ಕೇಳದೇ ಇರುತ್ತಾ? ಜೋರಿದ್ದದ್ದು ಎಲ್ಲರಿಗೂ ಚೆನ್ನಾಗೇ ಕೇಳುತ್ತೆ! ಸಮ ಮಾಡಪ್ಪಾ ಅಂದ್ರೆ ಮುಖ ಗಂಟು ಹಾಕ್ಕೊಂಡ. ಹಾಕಿದ್ದೂ ಬರೀ ಡ್ರಮ್ಸ್ ಡೆಮೊ.

ಕೊನೆಗೆ ನಾನು ಪೆನ್‌ಡ್ರೈವ್‌ನಲ್ಲಿ ಒಯ್ದಿದ್ದ ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆ ಹಾಕಿಸಿದೆ. ಮೆಟಾದಲ್ಲಿ ತಂಬೂರಿಯ ಜವಾರಿ (ತಂತಿಯ ಝೇಂಕಾರ) ಕೊರಳಿನ ಹಿಂದೆ ಬೇರೆಯಾಗಿ ನಿಂತಿತ್ತು, ಉಸಿರು ಎಳೆದುಕೊಳ್ಳೋದೂ ಕೇಳ್ತು. ಇನ್ನೊಂದರಲ್ಲಿ ತಬಲಾದ ಬಾಯಾ (ಎಡಗೈಯಲ್ಲಿ ನುಡಿಸೋ ದಪ್ಪ ದನಿಯದು) ಮಾತ್ರ ಗುಮ್ಮಂತ ಎದೆಗೆ ಬಡೀತು. ಮನಸ್ಸು ಮೆಟಾ ಕಡೆಗೇ.

ಆದರೆ ಅದರ ಸೆನ್ಸಿಟಿವಿಟಿ ಬರೀ 85 ಡೆಸಿಬಲ್. 3 ಡೆಸಿಬಲ್ ಏರಿಸೋಕೆ ಎರಡರಷ್ಟು ವಾಟ್ ಬೇಕು. ನನ್ನ 40 ಸಾಕಾಗುತ್ತಾ? ಕೂರೋದು ಏಳು ಅಡಿ ದೂರದಲ್ಲಿ. ಇನ್ನೊಂದು ಚಿಂತೆ, ಅದರ ಪೋರ್ಟ್ (ಬಾಸ್ ಹೊರಬರೋ ತೂತು) ಹಿಂದುಗಡೆ ಇದೆ, ನನಗೆ ಗೋಡೆಯಿಂದ ಒಂದು ಗೇಣು ಬಿಡೋದೇ ಕಷ್ಟ. ಬಾಸ್ ಉಬ್ಬಿದ್ರೆ ಪಕ್ಕದ ಮನೆ ಕಾಕೂ ಬಾಗಿಲು ತಟ್ಟೋದು ಖಂಡಿತ. ಆ ತೂತಿಗೆ ಕಂಪನಿಯ ಫೋಮ್ ಬಿರಡೆ ಹಾಕಿದವರು ಯಾರಾದ್ರೂ ಇದ್ದೀರಾ?

ಡೊಂಬಿವ್ಲಿ, ಠಾಣೆ ಕಡೆ ಯಾರ ಮನೇಲಾದ್ರೂ ಇದಿದ್ರೆ ಅರ್ಧ ಗಂಟೆ ಕೇಳಿಸ್ತೀರಾ? ಫಿಲ್ಟರ್ ಕಾಫಿ ಪುಡಿ ನಾನೇ ತರ್ತೀನಿ.