ಹೊಸೈರಿ ಜಬಲದ ಮೇಲೆ ಅಪ್ಲಿಕ್ ಹಾಕಿದರೆ ಸುಕ್ಕು ಬೀಳುತ್ತಿದೆ, ಏನು ಮಾಡಲಿ?

ತುಮಕೂರು ಹೊಲಿಗೆಮನೆ:
ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಈ ವರ್ಷ ಎಂಬ್ರಾಯ್ಡರಿ ಮಷೀನ್ ತಗೊಂಡೆ, 4x4 ಇಂಚಿನ ಹೂಪ್‌ನದು (ಬಟ್ಟೆ ಬಿಗಿಯಾಗಿ ಹಿಡಿಯುವ ಚೌಕಟ್ಟು). ತಂಗಿ ಈಗ ಏಳು ತಿಂಗಳ ಬಸುರಿ. ಮಗುವಿನ ಜಬಲ, ಬಿಬ್, ಹೊದಿಕೆ ಎಲ್ಲ ನನ್ನ ಕೈಯಿಂದಲೇ ಆಗಬೇಕು ಅಂತ ಆಸೆ. ಪಾಪ್ಲಿನ್ ಮೇಲೆ ಆನೆಮರಿ ಅಪ್ಲಿಕ್ (ಬೇರೆ ಬಟ್ಟೆಯ ತುಂಡನ್ನು ಆಕಾರಕ್ಕೆ ಕತ್ತರಿಸಿ ಮೇಲೆ ಹೊಲಿಯುವುದು) ಚೆನ್ನಾಗಿ ಬಂತು. ಅದೇ ಡಿಸೈನ್ ಹೊಸೈರಿ ಬಟ್ಟೆಗೆ ಹಾಕಿದರೆ ಹೂಪ್ ತೆಗೆದ ಕೂಡಲೇ ಸುತ್ತ ಸುಕ್ಕು, ಒಗೆದ ಮೇಲೆ ಇನ್ನೂ ಜಾಸ್ತಿ. ಒಳಗಡೆ ಕೈಯಾಡಿಸಿದರೆ ಗರಗರ ಅನ್ನುತ್ತೆ. ಕೆಳಗೆ ಆಧಾರಕ್ಕೆ ಸ್ಟೆಬಿಲೈಸರ್ ಆಗಿ ಟೇರ್‌ಅವೇ ಪೇಪರ್ (ಹೊಲಿದ ಮೇಲೆ ಹರಿದು ತೆಗೆಯುವುದು) ಇಟ್ಟಿದ್ದೆ, ದಾರ ರೇಯಾನ್, ಸೂಜಿ ಮಷೀನಿನ ಜೊತೆ ಬಂದದ್ದೇ. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಕಾಜಾಗುಂಡಿ, ಬೆಂಗಳೂರು:
ಟೇರ್‌ಅವೇ ಪಾಪ್ಲಿನ್‌ಗೆ ಸರಿ, ಹೊಸೈರಿಗೆ ಬೇಡ. ಹರಿಯದೆ, ಸುತ್ತ ಕತ್ತರಿಸಿ ಒಳಗೇ ಉಳಿಸುವ ಕಟ್‌ಅವೇ ಹಾಕಿ. ಸೂಜಿ ಬಾಲ್‌ಪಾಯಿಂಟ್ (ದುಂಡು ಮೊನೆಯದು) ಇರಲಿ. ಮುಕ್ಕಾಲು ಸಮಸ್ಯೆ ಅಲ್ಲೇ ಮುಗಿಯುತ್ತೆ.

ಧಾರವಾಡದ ಕುಂಚಿಗಿ:
ತಂಗಿ, ಮ್ಯಾಲಿನವರು ಹೇಳಿದ್ದು ಖರೇ ಐತಿ. ನಾ ಇನ್ನೊಂದೀಟು ಬಿಡಿಸಿ ಹೇಳತೇನಿ, ಕೂಸಿನ ಅರಿವಿ ಅಂದ್ರ ನನಗ ಜೀವ.

ನಿಮಗ ಬಿದ್ದದ್ದು ಎರಡು ಬ್ಯಾರೆ ಬ್ಯಾರೆ ಸುಕ್ಕು. ಹೂಪ್ ತಗದ ಕೂಡ್ಲೆ ಬಂದದ್ದು ಒಂದು. ಹೊಸೈರಿ ನೇಯ್ದ ಅರಿವಿ ಅಲ್ಲ, ಹೆಣದದ್ದು. ಪಾಪ್ಲಿನ್ ಎಳದಂಗ ಹೂಪಿನ್ಯಾಗ ಎಳದು ಕೂಡಿಸಿದ್ರ ಹಿಗ್ಗತೈತಿ, ಹಿಗ್ಗಿದ ಅರಿವಿ ಮ್ಯಾಲೆ ಹೊಲಿಗಿ ಬೀಳತಾವ. ಬಿಟ್ಟ ಮ್ಯಾಲೆ ಅರಿವಿ ತನ್ನ ಅಳತಿಗೆ ಬರತೈತಿ, ಹೊಲಿಗಿ ಬರಂಗಿಲ್ಲ. ಒಗದ ಮ್ಯಾಲೆ ಬಂದದ್ದು ಇನ್ನೊಂದು. ಹತ್ತಿ ಅರಿವಿ ಮೊದಲನೇ ನೀರಿಗೆ ಕುಗ್ಗತೈತಿ, ದಾರ ಅಷ್ಟು ಕುಗ್ಗಂಗಿಲ್ಲ. ಅದಕ್ಕ ಜಬಲದ ಅರಿವಿ, ಅಪ್ಲಿಕ್ ತುಂಡು ಎರಡನ್ನೂ ಬಿಸಿ ನೀರಾಗ ನೆನಸಿ, ಒಣಗಿಸಿ, ಇಸ್ತ್ರಿ ಮಾಡಿ, ಆಮ್ಯಾಲೆ ಕತ್ರಿ ಹಚ್ಚ್ರಿ.

ಹೂಪಿನ್ಯಾಗ ಅರಿವಿನ ಕೂಡಿಸಬ್ಯಾಡ್ರಿ. ಕಟ್‌ಅವೇ ಒಂದನ್ನ ಡಗ್ಗಾದಂಗ ಬಿಗಿ ಕೂಡಿಸಿ, ಮ್ಯಾಲೆ ಟೆಂಪರರಿ ಸ್ಪ್ರೇ ಗಮ್ ತುಸು ಹೊಡದು, ಅರಿವಿ ಎಳೀದಂಗ ಹಾಸ್ರಿ. ಸುತ್ತ ದೊಡ್ಡ ಹೊಲಿಗಿಯ ಒಂದು ಚೌಕ ಹಾಕಿದ್ರ ಅಲುಗಾಡಂಗಿಲ್ಲ. ನೋ ಶೋ ಮೆಶ್ ಅಂತ ಜಾಳುಜಾಳಾದ ತೆಳ್ಳನ ಕಟ್‌ಅವೇ ಸಿಗತೈತಿ, ಕೂಸಿನ ಅರಿವಿಗೆ ಅದ ಛಲೋ. ಸೂಜಿ 75/11 ಬಾಲ್‌ಪಾಯಿಂಟ್. ಚೂಪು ಸೂಜಿ ಹೆಣಿಕಿಯ ಎಳಿ ಕತ್ತರಿಸತೈತಿ, ನಾಕು ಸಲ ಒಗದ ಮ್ಯಾಲೆ ಸ್ಯಾಟಿನ್ ಹೊಲಿಗಿಯ (ಒತ್ತೊತ್ತಾಗಿ ಬೀಳೂ ಹೊಲಿಗಿ) ಅಂಚಿಗೆ ತೂತು ಕಾಣತಾವ. ದಾರ ಪಾಲಿಸ್ಟರ್ ಇರಲಿ. ರೇಯಾನ್ ಹೊಳಪು ಚಂದ, ಖರೆ, ಆದ್ರ ಬಾಣಂತಿ ಮನ್ಯಾಗ ಕೂಸಿನ ಅರಿವಿ ದಿನಾ ಬಿಸಿ ನೀರು ಕಾಣತಾವ, ಒಮ್ಮೊಮ್ಮೆ ಬ್ಲೀಚೂ ಬೀಳತೈತಿ. ರೇಯಾನ್ ಅದನ್ನ ತಡಕೊಳ್ಳಂಗಿಲ್ಲ.

ಈಗ ಮುಖ್ಯ ಮಾತು. ಒಳಗ ಗರಗರ ಅಂತೈತಿ ಅಂದ್ರಲ್ಲ, ನನಗ ಸುಕ್ಕಿಗಿಂತ ಅದ ದೊಡ್ಡ ಚಿಂತಿ. ಬ್ಲೌಸಿಗೆ ಲೈನಿಂಗ್ ಇರತೈತಿ, ಜಬಲಕ್ಕ ಇರಂಗಿಲ್ಲ. ಆನಿಮರಿ ನೋಡಿ ಖುಷಿ ಪಡವ್ರು ನಾವು. ಕೂಸಿಗೆ ಗೊತ್ತಾಗೂದು ಒಳಮೈ ಒಂದ. ನಮ್ಮ ಕಡೆ ಕಸೂತಿಯೊಳಗ ಗಂಟು ಹಾಕಂಗಿಲ್ಲ, ಗವಂತಿ ಹೊಲಿಗಿ ಮ್ಯಾಲೆ ಹೆಂಗೋ ಕೆಳಗೂ ಹಂಗ. ಕೂಸಿನ ತಲಿಗೆ ಹಾಕೂ ಕುಂಚಿಗಿ, ಕುಲಾವಿ ಮ್ಯಾಲೆ ಕಸೂತಿ ತಗದ ಹಿರ್ಯಾರು ಎರಡೂ ಮೈ ನೋಡತಿದ್ರು. ಮಷೀನಿಗೆ ಆ ಗುಣ ಪೂರ್ತಿ ಬರಂಗಿಲ್ಲ, ಆದ್ರ ಅದರ ಹತ್ರ ಹೋಗಬಹುದು.

ಮೊದಲು, ತುಂಬು ಹೊಲಿಗಿಯ ಡಿಸೈನ್ ಬಿಡ್ರಿ. ಅಪ್ಲಿಕ್ ಲಾಭನ ಅದು: ಆನಿ ಹೊಟ್ಟಿ ತುಂಬ ದಾರ ಓಡಿಸೂ ಬದಲಿ ಒಂದು ಮಲ್ ತುಂಡು ಕೂಡತೈತಿ, ಹೊಲಿಗಿ ಅಂಚಿಗಷ್ಟ. ಮಷೀನು ಮೊದಲ ಗೆರಿ ಹಾಕಿ ಜಾಗ ತೋರಸತೈತಿ, ನೀವು ತುಂಡು ಇಡ್ರಿ, ಎರಡನೇ ಗೆರಿ ಅದನ್ನ ಹಿಡಿತೈತಿ. ಆಗ ಹೂಪ್ ಮಷೀನಿಂದ ತಗೀರಿ, ಅರಿವಿ ಮಾತ್ರ ಹೂಪಿಂದ ಬಿಚ್ಚಬ್ಯಾಡ್ರಿ. ಬಾತುಕೋಳಿ ಮೂತಿ ಕತ್ರಿಯಿಂದ ಗೆರಿಗೆ 1 ಮಿ.ಮೀ. ಬಿಟ್ಟು ಕತ್ತರಸ್ರಿ. ಹೆಚ್ಚಿಗಿ ಬಿಟ್ರ ಸ್ಯಾಟಿನ್ ಒಳಗಿಂದ ಎಳಿ ಇಣುಕತಾವ. ತುಂಡಿಗೆ ಫ್ಯೂಸಿಂಗ್ (ಇಸ್ತ್ರಿ ಬಿಸಿಗೆ ಅಂಟೂ ಪದರ) ಹಚ್ಚವರಿದ್ರ ಪೂರ್ತಿ ಹಚ್ಚಬ್ಯಾಡ್ರಿ. ನಡುವಿನ ಭಾಗ ಕತ್ತರಿಸಿ ತಗದು ಅಂಚಿಗೊಂದು ಪಟ್ಟಿ ಅಷ್ಟ ಉಳಿಸ್ರಿ, ಆನಿ ಮೆತ್ತಗ ಇರತೈತಿ.

ಮುಗದ ಮ್ಯಾಲೆ ತಿರುವಿ ಹಾಕ್ರಿ. ಒಂದು ಕಡೆಯಿಂದ ಇನ್ನೊಂದು ಕಡೆ ಜಿಗದ ದಾರ ಎಲ್ಲಾ ಕತ್ತರಸ್ರಿ. ಸ್ಟೆಬಿಲೈಸರ್ ಅರ್ಧ ಸೆಂ.ಮೀ. ಬಿಟ್ಟು ದುಂಡಗ ಕತ್ತರಸ್ರಿ. ಚೌಕ ಮೂಲಿ ಉಳದ್ರ ಅದ ಮೂಲಿ ಕೂಸಿನ ಎದಿಗೆ ಚುಚ್ಚತೈತಿ. ಮ್ಯಾಲೆ ಮೆತ್ತನ್ನ ಟ್ರೈಕಾಟ್ ಫ್ಯೂಸಿಂಗ್, ಡಿಸೈನಿಗಿಂತ ಒಂದು ಸೆಂ.ಮೀ. ದೊಡ್ಡದು, ದುಂಡನ್ನ ಅಂಚು, ಇಸ್ತ್ರಿ ಒತ್ತಿ ಹಚ್ಚ್ರಿ. ಆಮ್ಯಾಲೆ ನಿಮ್ಮ ತುಟಿಗೆ ತಾಗಿಸಿ ನೋಡ್ರಿ. ಬೆರಳು ಸುಳ್ಳು ಹೇಳತೈತಿ, ನಮ್ಮ ಬೆರಳು ಸೂಜಿ ಹಿಡದು ದಡ್ಡುಗಟ್ಟಿರತಾವ.

ಕೂಸಿನ ಕೈಗವಸು, ಕಾಲುಚೀಲಕ್ಕ ಎಂಬ್ರಾಯ್ಡರಿ ಬ್ಯಾಡ. ಒಳಗ ಒಂದು ಸಡ್ಲ ದಾರ ಉಳದು ಕೂಸಿನ ಬೆರಳಿಗೆ ಸುತ್ತಿತಂದ್ರ ರಕ್ತ ಓಡಾಟ ನಿಲ್ಲತೈತಿ, ಕೂಸು ಯಾಕ ಅಳತೈತಿ ಅಂತ ಯಾರಿಗೂ ತಿಳಿಯಂಗಿಲ್ಲ. ಮಣಿ, ಚಮಕಿ, ಗುಂಡಿ ಕಣ್ಣು ಸುತಾರಾಂ ಬ್ಯಾಡ, ಕಿತ್ತು ಬಂದದ್ದು ಸೀದಾ ಬಾಯಿಗೆ ಹೋಗತೈತಿ. ಬೆನ್ನಿಗೆ ಡಿಸೈನ್ ಬ್ಯಾಡ, ಕೂಸು ಅಂಗಾತ ಮಲಗತೈತಿ. ಮೊದಲ ತಿಂಗಳಿನ ಜಬಲಕ್ಕ ಹೊಕ್ಕಳ ಮಟ್ಟಕ್ಕೂ ಬ್ಯಾಡ.

ತುಮಕೂರು ಹೊಲಿಗೆಮನೆ:
ಅಕ್ಕಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಹೇಗೆ ಥ್ಯಾಂಕ್ಸ್ ಹೇಳಲಿ! ಇನ್ನೊಂದು ಕೇಳಬೇಕು. ತಂಗಿಯ ಅತ್ತೆ ಬಾಗಲಕೋಟೆ ಕಡೆಯವರು. ಗುಳೇದಗುಡ್ಡ ಖಣದ (ರವಿಕೆ ಬಟ್ಟೆಯ) ತುಂಡುಗಳು, ಅವರ ಹಳೆಯ ಇಳಕಲ್ ಸೀರೆಯ ಕೆಂಪು ಸೆರಗು ಕಳಿಸಿದ್ದಾರೆ. ನಾಮಕರಣದ ದಿನ ಹಾಕುವ ಬಟ್ಟೆಯಲ್ಲಿ ಅದೂ ಸೇರಬೇಕು ಅಂತ ಅವರ ಮನಸ್ಸು. ಬಿಳಿ ಜಬಲಕ್ಕೆ ಖಣದ ಚಂದ್ರ, ನಕ್ಷತ್ರ ಅಪ್ಲಿಕ್ ಮಾಡಬಹುದಾ?

ಧಾರವಾಡದ ಕುಂಚಿಗಿ:
ಬಿಳಿ ಜಬಲಕ್ಕ ಬ್ಯಾಡ. ಖಣ, ಸೆರಗು ಎರಡರ ಮೂಲಿನೂ ತೊಯ್ಸಿ, ಬಿಳಿ ಅರಿವಿ ನಡುವ ಇಟ್ಟು ಇಸ್ತ್ರಿ ಒತ್ತಿ ನೋಡ್ರಿ. ಒಂದು ಚೂರು ಕೆಂಪು ಹತ್ತಿದ್ರೂ ದಿನಾ ಒಗಿಯೂ ಅರಿವಿಗೆ ಅದನ್ನ ಹಚ್ಚಬಾರದು. ಮ್ಯಾಲಾಗಿ ಖಣ ಎಳಿ ಬಿಚ್ಚತೈತಿ, ನಕ್ಷತ್ರದ ಚೂಪು ಮೂಲಿ ಅದರಾಗ ನಿಲ್ಲಂಗಿಲ್ಲ.

ಅದರ ಬದಲಿ ಖಣದ್ದು ಕುಂಚಿಗಿ ಹೊಲೀರಿ. ಅತ್ತೆಯವರ ಮನಸ್ಸಿನ್ಯಾಗ ಇರೂದೂ ಅದ ಇರಬೇಕು. ಖಣದ ಕುಂಚಿಗಿ ಅಂದ್ರ ನಮ್ಮ ಕಡೆ ತೊಟ್ಟಿಲು ಕಾರ್ಯದ ಉಡುಗೊರಿ. ತಲಿಯಿಂದ ಬೆನ್ನಿನ ಕೆಳಗಿನ ಮಟ ಇಳಿಯೂ ಅರಿವಿ, ಜಬಲದ ಮ್ಯಾಲೆ ಬರತೈತಿ. ಒಳಗ ಹಳೇ ಹತ್ತಿ ಸೀರಿಯ ಲೈನಿಂಗ್ ಕೊಡ್ರಿ. ಲೈನಿಂಗ್ ಕೂಡಿಸೂ ಮುಂಚೇನ ಖಣದ ಮ್ಯಾಲೆ ಎಂಬ್ರಾಯ್ಡರಿ ಮುಗಿಸಿದ್ರ ಮಷೀನಿನ ಒಳಮೈ ಪೂರ್ತಿ ಮುಚ್ಚಿ ಹೋಗತೈತಿ. ಅಲ್ಲಿ ಸೆರಗಿನ ಕೆಂಪು ಚಂದ್ರ ಹಾಕ್ರಿ, ಗೋಪುರ ಹಾಕ್ರಿ, ಆನಿ ಹಾಕ್ರಿ, ನಿಮ್ಮ ಮನಸ್ಸು ಬಂದಷ್ಟು. ಕೂಸು ಮಲಗಿಸೂ ಮುಂಚೆ ಮಾತ್ರ ತಗದು ಇಡ್ರಿ. ರೇಷ್ಮಿ ಖಣ ಇದ್ರ ಇಸ್ತ್ರಿ ಬಿಸಿ ಕಮ್ಮಿ ಇರಲಿ.

ಯಲ್ಲಾಪುರ ಸೂಜಿ:
ಹೊದಿಕೆ ಬಗ್ಗೆ ಯಾರೂ ಹೇಳಲಿಲ್ಲ. ಅದಕ್ಕೆ ಮಷೀನ್ ಬಿಡಿ, ನಮ್ಮ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿ ಒಮ್ಮೆ ನೋಡಿ. ಹಳೆಯ ಸೀರೆ, ಲುಂಗಿ ತುಂಡುಗಳನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ, ಎಲ್ಲ ಕೈಯ ಓಟದ ಹೊಲಿಗೆ. ಅದೂ ಅಪ್ಲಿಕ್ಕೇ. ಹಳೆ ಬಟ್ಟೆಯಾದ್ದರಿಂದ ಮೊದಲ ದಿನದಿಂದಲೇ ಮೆತ್ತಗೆ.

ಹೊಸ ಕಲಿಕೆ:
ಎಂಬ್ರಾಯ್ಡರಿ ಮಷೀನ್ ಇಲ್ಲದವರು, ಬರೀ ಜಿಗ್‌ಜಾಗ್ ಮಷೀನಿನಲ್ಲಿ ಬಿಬ್‌ಗೆ ಅಪ್ಲಿಕ್ ಮಾಡಬಹುದಾ?

ಧಾರವಾಡದ ಕುಂಚಿಗಿ:
ಧಾರಾಳ ಮಾಡಬಹುದು, ನಾ ಈಗೂ ಸಣ್ಣ ಕೆಲಸ ಅದರಾಗ ಮಾಡತೇನಿ. ಹೊಲಿಗಿಯ ಅಗಲ 2.5, ಉದ್ದ 0.4 ಮಿ.ಮೀ. ಇಟ್ಟು ಮೊದಲು ಚಿಂದಿ ಮ್ಯಾಲೆ ಹೊಲದು ನೋಡ್ರಿ. ಅರಿವಿ ಮುಂದ ಸರೀದ ಒಂದ ಕಡೆ ಗುಡ್ಡಿ ಬಿತ್ತಂದ್ರ ಉದ್ದ ತುಸು ಹೆಚ್ಚಿಸ್ರಿ. ಬಿಬ್ ಟವೆಲ್ ಅರಿವೀದಿದ್ರ ಮ್ಯಾಲೆ ನೀರಾಗ ಕರಗೂ ಫಿಲ್ಮ್ ಹಾಸ್ರಿ, ಇಲ್ಲಾಂದ್ರ ಟವೆಲಿನ ಎಳಿ ಹೊಲಿಗಿ ನಡುವ ಎದ್ದು ಬರತಾವ. ಹೊರಬಾಗಿನ ತಿರುವಿನ್ಯಾಗ ಸೂಜಿ ತುಂಡಿನ ಹೊರಗ ಇಳದಾಗ ನಿಲ್ಲಿಸಿ, ಫೂಟ್ ಎತ್ತಿ, ಅರಿವಿ ತುಸು ತಿರುಗಿಸ್ರಿ. ಒಳಬಾಗಿನ ತಿರುವಿನ್ಯಾಗ ಸೂಜಿ ತುಂಡಿನ ಮ್ಯಾಲೆ ಇಳದಿರಬೇಕು.